ತುಂಬಿದ ಕೆರೆಗೆ ತಂಗಿಯ ಬಾಗಿನ

ಸುಳ್ಳು ಹೇಳುವ ಚಪಲ ನಿಮಗೂ ಇದ್ದರೆ ನನ್ನದೊಂದು ಕಿವಿಮಾತು. ಬೇರೆ ಯಾವ ವಿಷಯದಲ್ಲಾದರೂ ಹೇಳಿ, ನೀರಿನ ವಿಷಯದಲ್ಲಿ ಮಾತ್ರ ಹೇಳಬೇಡಿ. ಒಂದೇ ಊಟಕ್ಕೆ ಹತ್ತು ಮುದ್ದೆ ನುಂಗಿದ್ದೆ ಅನ್ನಿ, ಯಾರೂ ತಟ್ಟೆ ತಂದು ಮುಂದಿಡುವುದಿಲ್ಲ. ಕಾಲೇಜಿನಲ್ಲಿ ಕಬಡ್ಡಿ ಕ್ಯಾಪ್ಟನ್ ಆಗಿದ್ದೆ ಅನ್ನಿ, ನಿಮ್ಮ ಹೊಟ್ಟೆಯನ್ನೊಮ್ಮೆ ನೋಡಿ ನಕ್ಕು ಸುಮ್ಮನಾಗುತ್ತಾರೆ. ಆದರೆ ಈಜು ಬರುತ್ತದೆ ಅಂತ ಒಮ್ಮೆ ಬಾಯಿಬಿಟ್ಟಿರೋ, ಕೆಟ್ಟಿರಿ. ಭೂಮಿಯ ಮುಕ್ಕಾಲು ಪಾಲು ನೀರೇ ಎಂದು ನಾನೇ ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳದ ಪಾಠ ಮಾಡಿದ್ದೇನೆ. ಎಲ್ಲಿಗೆ ಹೋದರೂ ಒಂದು ಕೆರೆ, ಒಂದು ಬಾವಿ, ಏನೂ ಇಲ್ಲದಿದ್ದರೆ ಯಾರದೋ ಮದುವೆ ರೆಸಾರ್ಟಿನ ಈಜುಕೊಳ ಎದುರಾಗುತ್ತದೆ. ಜೊತೆಯಲ್ಲಿದ್ದವರು ತಕ್ಷಣ ನಿಮ್ಮ ಕಡೆ ತಿರುಗುತ್ತಾರೆ.

ನನ್ನ ಸುಳ್ಳು ಹುಟ್ಟಿದ್ದು ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ. ಆಗ ನನಗೆ ಹದಿನಾಲ್ಕು ವರ್ಷ. ಆ ವರ್ಷ ಕೆರೆ ತುಂಬಿ ಕೋಡಿ ಬಿದ್ದಿತ್ತು. ಏನೋ ಮಾತಿಗೆ ಮಾತು ಬೆಳೆದು, ಈ ದಡದಿಂದ ಆ ದಡದ ತೆಂಗಿನ ತೋಟದವರೆಗೂ ಈಜುತ್ತೇನೆ ಎಂದು ಗೆಳೆಯರ ಮುಂದೆ ಜಂಬ ಕೊಚ್ಚಿಬಿಟ್ಟೆ. ಎಂಟು ವರ್ಷದ ತಂಗಿ ರತ್ನ ಬಾಲದ ಹಾಗೆ ಹಿಂದೆಯೇ ಬಂದಿದ್ದಳು. 'ನಾನೂ ಈಜ್ತೀನಿ ಅಣ್ಣ' ಅಂದಳು. 'ಹೆಣ್ಮಕ್ಳಿಗ್ಯಾಕೆ ಈಜು? ಇಲ್ಲೇ ಬಟ್ಟೆ ಹಿಡ್ಕೊಂಡು ಕೂತಿರು, ಅಲ್ಲಾಡಬೇಡ' ಎಂದು ಗದರಿಸಿ, ಅಂಗಿ ಚಡ್ಡಿ ಅವಳ ಮಡಿಲಿಗೆ ಹಾಕಿ, ಲಂಗೋಟಿಯಲ್ಲಿ ನೀರಿಗಿಳಿದೆ. ನಾನು ಎದ್ದು ಬರುವುದನ್ನು ನೋಡಲು ಗೆಳೆಯರೆಲ್ಲ ಏರಿ ಮೇಲೆ ಆ ಕಡೆಗೆ ಓಡಿದರು. ನನಗೆ ಸೊಂಟದ ಮೇಲೆ ನೀರು ಬರುತ್ತಲೇ ಜೀವ ಬಾಯಿಗೆ ಬಂತು. ಜೊಂಡಿನ ಮರೆಯಲ್ಲಿ ಮೆಲ್ಲಗೆ ದಡ ಹತ್ತಿದೆ. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಒಂದು ಹುಲ್ಲಿನ ಗಾಡಿ ಹೋಗುತ್ತಿತ್ತು. ಗಾಡಿಯವನು ತೂಕಡಿಸುತ್ತಿದ್ದ. ಹಿಂದಿನಿಂದ ಹತ್ತಿ ಹುಲ್ಲಿನೊಳಗೆ ಹುದುಗಿಕೊಂಡೆ. ಆ ದಡದ ಹತ್ತಿರ ಇಳಿದು, ನೀರಲ್ಲಿ ಒಮ್ಮೆ ಮುಳುಗೆದ್ದು, ಏದುಸಿರು ಬಿಡುತ್ತಾ ಗೆಳೆಯರ ಎದುರಿಗೆ ಎದ್ದು ಬಂದೆ. ತಲೆಯಲ್ಲಿದ್ದ ಹುಲ್ಲಿನ ಕಡ್ಡಿಯನ್ನು ಕೆರೆಯ ಜೊಂಡು ಎಂದು ಅವರು ತಿಳಿದರು. ನಿಜ ಗೊತ್ತಿದ್ದದ್ದು ನನಗೆ ಮತ್ತು ಆ ಜೋಡಿ ಎತ್ತುಗಳಿಗೆ ಮಾತ್ರ ಎಂದು ನಲವತ್ತಾರು ವರ್ಷ ನಂಬಿಕೊಂಡಿದ್ದೆ.

ಹೆಸರು ಬೇರೆ ಗಂಗಾಧರ. ಸ್ಟಾಫ್ ರೂಮಿನಲ್ಲಿ ಹೊಸಬರು ಬಂದರೆ 'ಮೇಷ್ಟ್ರು ಕುಣಿಗಲ್ ಕೆರೆ ಈಜಿದೋರು ಕಣ್ರೀ' ಎಂದೇ ನನ್ನ ಪರಿಚಯ ಮಾಡಿಸುತ್ತಿದ್ದರು. ನಾನು ಬೇಡ ಬೇಡ ಎನ್ನುವಂತೆ ಕೈ ಆಡಿಸುತ್ತಾ ಮೀಸೆ ಮುಟ್ಟಿಕೊಳ್ಳುತ್ತಿದ್ದೆ. ಟೂರಿಗೆ ಹೋದಾಗ ಹೊಳೆ ಸಿಕ್ಕರೆ ಶೀತ, ಬಾವಿ ಸಿಕ್ಕರೆ ಕಿವಿನೋವು, ಎರಡೂ ಹಳತಾದ ಮೇಲೆ ಭುಜದ ನೋವು. ಹೆಂಡತಿ ಸರೋಜ ಮದುವೆಯಾದ ಹೊಸದರಲ್ಲಿ ನನ್ನನ್ನು ಮೆಚ್ಚಿಕೊಂಡದ್ದೇ ಈ ಕೆರೆಯ ಕಥೆ ಕೇಳಿ. ಆಮೇಲೆ ಮೆಚ್ಚಲು ಬೇರೆ ಏನೂ ಸಿಗಲಿಲ್ಲ ಎಂದು ಅವಳೇ ಆಗಾಗ ಹೇಳುತ್ತಾಳೆ.

ಈಗ ರತ್ನನ ವಿಷಯಕ್ಕೆ ಬರುತ್ತೇನೆ. ಅವಳು ಗಂಡ ಮಹೇಶನ ಜೊತೆ ಜರ್ಮನಿಯ ಕಾನ್ಸ್ಟನ್ಸ್ ಎಂಬ ಊರಿನಲ್ಲಿದ್ದಾಳೆ. ಬೋಡನ್ ಸರೋವರದ ದಂಡೆಯ ಊರು. ಹನ್ನೊಂದು ವರ್ಷವಾಯಿತು. ಅವಳು ಅಲ್ಲೊಂದು ವೃದ್ಧಾಶ್ರಮದಲ್ಲಿ ನರ್ಸು, ಅವನು ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರು. ನಮ್ಮಲ್ಲಿ ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಮೊರದ ಬಾಗಿನ ಹೋಗಲೇಬೇಕು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಕೊಬ್ಬರಿ, ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಕಣ ಎಲ್ಲ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ಕೊಡುವುದು. ಅಪ್ಪ ಇರುವ ತನಕ ಆ ಕಡೆ ಹೋಗುವ ಯಾರನ್ನಾದರೂ ಹುಡುಕಿ, ಅವರ ಕೈಕಾಲು ಹಿಡಿದು ಬಾಗಿನ ಕಳಿಸುತ್ತಿದ್ದರು. ತೀರಿಹೋಗುವ ಮೊದಲು ನನ್ನ ಕೈ ಹಿಡಿದುಕೊಂಡು, 'ರತ್ನಂಗೆ ಬಾಗಿನ ತಪ್ಪಿಸ್ಬೇಡ ಕಣಪ್ಪ' ಅಂದಿದ್ದರು. ನಾನು ತಪ್ಪಿಸಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ. ಮೂರು ವರ್ಷದ ಹಿಂದೆ ಸೋಫಾದ ಮೇಲೆ ಕಾಲು ಚಾಚಿಕೊಂಡು, ಮೊಬೈಲಿನಲ್ಲಿ ಬಾಗಿನದ ಕಿಟ್ ಎಂಬುದೊಂದನ್ನು ಬುಕ್ ಮಾಡಿದೆ. ಪ್ಲಾಸ್ಟಿಕ್ ಮೊರ, ಹೆಬ್ಬೆರಳಿನಷ್ಟು ಬೆಲ್ಲ, ಗೊಂಬೆಗೂ ಆಗದ ಬಳೆ. ಅದು ಹೋಗಿ ತಲುಪಿದ್ದು ದಸರಾ ಆದ ಮೇಲೆ.

'ಬಂತು ಅಣ್ಣ' ಅಂದಳು ರತ್ನ. ಅಷ್ಟೇ. ಜಗಳ ಆಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ಆಡಲಿಲ್ಲ. ಆಮೇಲೆ ಫೋನೆಲ್ಲ ಸರೋಜನಿಗೇ ಬರತೊಡಗಿತು. ನಾನು ಪಕ್ಕದಲ್ಲೇ ಕೂತಿದ್ದರೂ 'ಅಣ್ಣ ಚೆನ್ನಾಗಿದಾನಾ ಅತ್ತಿಗೆ?' ಎಂದು ಕೇಳುತ್ತಿದ್ದಳು. ಮುಂದಿನೆರಡು ವರ್ಷ ಬಾಗಿನವೇ ಬೇಡ, ಸುಮ್ಮನೆ ತೊಂದರೆ ಅಂದುಬಿಟ್ಟಳು. ಇದ್ದೊಬ್ಬ ತಂಗಿ ನನ್ನನ್ನು ಪಕ್ಕದ ಮನೆಯವರ ಹಾಗೆ ವಿಚಾರಿಸುವುದು ನನಗೆ ಸಹಿಸಲಾಗಲಿಲ್ಲ. ಹೋದ ವರ್ಷ ರಿಟೈರ್ ಆದೆ. ಏನಾದರಾಗಲಿ, ಗೌರಿ ಹಬ್ಬದ ದಿನ ಬಾಗಿನವನ್ನು ನನ್ನ ಕೈಯಾರೆ ಅವಳ ಕೈಗೆ ಕೊಟ್ಟೇ ಬರುವುದೆಂದು ಹೊರಟೆ.

ಜರ್ಮನಿಗೆ ಹೋಗುತ್ತೇನೆ ಎಂದಾಗ ಗುಬ್ಬಿಯ ನಮ್ಮ ಹಳೆಯ ಕ್ಷೌರಿಕ, 'ಬೆಂಗಳೂರಿಗ್ಯಾಕೆ ಹೋಗ್ತೀರಿ ಸಾರ್, ಬಿದರೆಹಳ್ಳಿ ಕಾವಲ್‌ನಲ್ಲೇ ಹೆಲಿಕಾಪ್ಟರ್ ಮಾಡ್ತಾರಲ್ಲ, ಒಂದು ಹತ್ತಿಬಿಡಿ' ಅಂದ. ವೀಸಾಕ್ಕೆ ಎರಡು ತಿಂಗಳು ಅಲೆದೆ. ಅಷ್ಟರಲ್ಲಿ ಹುತ್ರಿದುರ್ಗದಿಂದ ನಮ್ಮ ಪುಟ್ಟತ್ತೆ, ಅಂದರೆ ಅಪ್ಪನ ತಂಗಿ, ತಾನೂ ಬರುತ್ತೇನೆಂದು ಹಟ ಹಿಡಿದರು. ಎಪ್ಪತ್ತೆರಡು ವರ್ಷ, ಗಟ್ಟಿ ಬಾಯಿ, ಅದಕ್ಕಿಂತ ಗಟ್ಟಿ ಮಂಡಿ. ಅವರ ಗಂಡ ಹಸು ಬಿಟ್ಟು ಬರುವುದಿಲ್ಲ ಅಂದರು. 'ನಾನೂ ಆ ಮನೆ ಹೆಣ್ಮಗಳೇ ಕಣ್ಲಾ, ನನ್ ಬಾಗ್ನಾನೂ ಅಲ್ಲೇ ಕೊಡು, ನಾನೂ ಒಂದ್ಸಲ ಇಮಾನ ನೋಡ್ದಂಗಾಯ್ತದೆ' ಅಂದರು ಪುಟ್ಟತ್ತೆ. ಹೀಗೆ ಎರಡು ಜೊತೆ ಮೊರ ಸಿದ್ಧವಾದವು. ರತ್ನನ ಮೊರದಲ್ಲಿ ಸರೋಜ ಇನ್ನೊಂದು ವಸ್ತು ಇಟ್ಟಳು, ನಮ್ಮವ್ವನ ಬೆಳ್ಳಿಯ ಕುಂಕುಮದ ಭರಣಿ. ಅವ್ವ ಬದುಕಿದ್ದಷ್ಟು ದಿನವೂ ಬೆಳಿಗ್ಗೆ ಎದ್ದು ಮುಟ್ಟುತ್ತಿದ್ದ ಭರಣಿ. ಎಷ್ಟೋ ವರ್ಷದಿಂದ ನಮ್ಮ ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು. ಪ್ರಯಾಣದಲ್ಲಿ ಹಾಳಾಗಬಾರದೆಂದು ಎಲ್ಲವನ್ನೂ ಗಾಳಿ ತುಂಬಿದ ಪ್ಲಾಸ್ಟಿಕ್ ಕವರುಗಳಲ್ಲಿ ಹಾಕಿ, ಮೊರಕ್ಕೆ ಮೊರ ಕವುಚಿ, ಅರಿಶಿನದ ದಾರ ಸುತ್ತಿ, ಎರಡಕ್ಕೂ ಒಂದೇ ಥರ ಹಳೇ ಪೇಪರು ಹೊದಿಸಿದಳು. ಗುರುತಿಗೆ ಏನಾದರೂ ಬರೆಯೋಣವೇ ಅಂದಳು. ಮೂವತ್ತು ವರ್ಷ ಮ್ಯಾಪ್ ನೋಡಿದವನಿಗೆ ಎರಡು ಮೊರ ಗೊತ್ತಾಗಲ್ವೇನೇ ಅಂದೆ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಪೊಟ್ಟಣ ಬಿಚ್ಚಿಸಿ, ಮೊರವನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ವಾದ್ಯವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಮೊರಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ನಾನು ತಡಬಡಾಯಿಸುತ್ತಿದ್ದಾಗ ಪುಟ್ಟತ್ತೆ ಮುಂದೆ ಬಂದು, ಖಾಲಿ ಮೊರ ಎತ್ತಿಕೊಂಡು, ಅಲ್ಲೇ ನಿಂತು ಇಲ್ಲದ ರಾಗಿಯನ್ನು ಕೇರಿ ತೋರಿಸಿದರು. ಕೇರಿ, ಬಾಯಲ್ಲಿ ಉಫ್ ಎಂದು ಹೊಟ್ಟು ಊದಿ, ಕಲ್ಲು ಆರಿಸಿ ಬಿಸಾಡಿದರು. ಹಿಂದೆ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅಧಿಕಾರಿ ನಗುತ್ತಾ ಮತ್ತೆ ಕಟ್ಟಿಕೊಳ್ಳಿ ಎಂದು ಸನ್ನೆ ಮಾಡಿದ.

ಮಹೇಶ ಕಾರು ತಂದಿದ್ದ. ನಾನೂರು ಕಿಲೋಮೀಟರು, ಎರಡು ದಿನ ನಿಧಾನಕ್ಕೆ ಊರು ತೋರಿಸಿಕೊಂಡು ಹೋಗೋಣ ಭಾವ, ಹಬ್ಬದ ದಿನ ಬೆಳಿಗ್ಗೆ ತಲುಪೋಣ ಅಂದ. ನಾನು ಮುಂದಿನ ಸೀಟಿನಲ್ಲಿ ಕೂತು ಮಡಿಲ ಮೇಲೆ ದೊಡ್ಡ ಮ್ಯಾಪು ಹರಡಿದೆ. ಮಹೇಶನ ಮೊಬೈಲಿನಲ್ಲಿ ಒಬ್ಬ ಹೆಂಗಸು ಜರ್ಮನ್ ಭಾಷೆಯಲ್ಲಿ ದಾರಿ ಹೇಳುತ್ತಿದ್ದಳು. ರೈನ್ ನದಿಯನ್ನು ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ನೂರಾರು ಸಲ ಬರೆದವನು ನಾನು. ಅವಳ ಮಾತು ಕೇಳಿಕೊಂಡು ಹೋಗಲು ನನಗೆ ಮನಸ್ಸು ಒಪ್ಪಲಿಲ್ಲ. 'ಅವಳು ಸುಮ್ನೆ ಸುತ್ತಾಡಿಸ್ತಾಳೆ, ನೀನು ಬಲಕ್ಕೆ ತಗೋ, ನದಿ ಸಿಕ್ಕಿದ್ರೆ ಮುಗೀತು' ಅಂದೆ. ಮಹೇಶ ಪಾಪ, ಹೆಂಡತಿಯ ಅಣ್ಣ ಎಂಬ ಮರ್ಯಾದೆಗೆ ಬಲಕ್ಕೆ ತಗೊಂಡ. ನದಿ ಸಿಕ್ಕಿತು. ಸೇತುವೆಯೂ ಸಿಕ್ಕಿತು. ದಾಟಿದ ಮೇಲೆ ಅಂಗಡಿಯ ಬೋರ್ಡುಗಳೆಲ್ಲ ಬೇರೆ ಥರ ಕಂಡವು.

'ಇದ್ಯಾವೂರು ಮಹೇಶ?' ಅಂದರು ಹಿಂದಿನಿಂದ ಪುಟ್ಟತ್ತೆ.

'ಊರಲ್ಲ ಅತ್ತೆ, ದೇಶ. ಫ್ರಾನ್ಸಿಗೆ ಬಂದಿದೀವಿ.'

'ಒಂದು ಗೇಟೂ ಇಲ್ವಲ್ಲೋ! ನಮ್ಮ ತುಮಕೂರು ಮಾರ್ಕೆಟ್ ಯಾರ್ಡಿಗೇ ಗೇಟೈತೆ, ವಾಚ್‌ಮನ್ನವ್ನೆ' ಎಂದರು. ಎರಡು ತಿಂಗಳು ವೀಸಾಕ್ಕೆ ಅಲೆದ ನನಗೆ ಈ ಮಾತು ಎಲ್ಲೋ ಚುಚ್ಚಿತು. ಬಂದದ್ದಾಯಿತಲ್ಲ ಎಂದು ಫ್ರಾನ್ಸಿನಲ್ಲಿ ಮೊಳದುದ್ದದ ಒಂದು ಬ್ರೆಡ್ಡು ಕೊಂಡು, ಪುಟ್ಟತ್ತೆಯ ಹುಚ್ಚೆಳ್ಳು ಚಟ್ನಿಪುಡಿ ಹಾಕಿಕೊಂಡು ತಿಂದೆವು. ವಾಪಸು ಬರುವಾಗ ಸರೋಜ ಮೆಲ್ಲಗೆ ನನ್ನ ಮಡಿಲಿಂದ ಮ್ಯಾಪು ತೆಗೆದುಕೊಂಡು, ಅದರ ಮೇಲೆ ಕಿತ್ತಳೆ ಸಿಪ್ಪೆ ಸುಲಿದು ಹಾಕತೊಡಗಿದಳು. ಮೊಬೈಲಿನ ಹೆಂಗಸು ಮತ್ತೆ ಮಾತು ಶುರುಮಾಡಿದಳು.

ದಾರಿಯಲ್ಲಿ ಒಂದು ಪಾಳು ಕೋಟೆ ತೋರಿಸಲು ಮಹೇಶ ನಿಲ್ಲಿಸಿದ. ಪುಟ್ಟತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂದು ಸುತ್ತು ನೋಡಿದರು. 'ನಮ್ ಹುತ್ರಿದುರ್ಗದ ಕೋಟೆನೂ ಹಿಂಗೇ ಬಿದ್ದೋಗೈತೆ. ಇವರು ಬಿದ್ದಿದ್ದಕ್ಕೂ ಟಿಕೇಟು ಇಕ್ಕವ್ರೆ, ನಾವು ಸುಮ್ನೆ ಆಡು ಮೇಯಿಸ್ಕೊಂಡು ಕೂತಿದೀವಿ' ಎಂದು ಊರಿನ ಮೇಲೆಯೇ ಸಿಟ್ಟಾದರು. ಆ ರಾತ್ರಿ ಕಾಡಿನ ಅಂಚಿನ ಒಂದು ಪುಟ್ಟ ಲಾಡ್ಜಿನಲ್ಲಿ ಉಳಿದೆವು. ಹಬ್ಬದ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ನಾನು ರೇಷ್ಮೆ ಪಂಚೆ ಉಟ್ಟು, ಹೆಂಗಸರಿಬ್ಬರೂ ಜರಿ ಸೀರೆಯುಟ್ಟು ಕಾರು ಹತ್ತಿದೆವು. ರತ್ನ ಫೋನು ಮಾಡಿ, ಸರೋಜನಿಗೇ ಹೇಳಿದಳು: 'ಅತ್ತಿಗೆ, ಮನೆ ಹತ್ರ ರಸ್ತೆ ಅಗೆದಾಕಿದಾರೆ, ಕಾರು ಬರಲ್ಲ. ಕೆರೆ ದಂಡೇಲಿ ನಿಲ್ಸಿ, ಪೂಜೆ ಮುಗಿಸಿ ನಾನೇ ಬಂದು ಕರ್ಕೊಂಡು ಹೋಗ್ತೀನಿ.' ಜರ್ಮನಿಯಲ್ಲೂ ರಸ್ತೆ ಅಗೆಯುತ್ತಾರೆ ಎಂದು ಕೇಳಿ, ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಅಗೆದ ರಸ್ತೆಯಿಂದ ಹೋದವನಿಗೆ ಬಹಳ ಸಮಾಧಾನವಾಯಿತು.

ಕೊನೆಗೆ ಸರೋವರ ಕಂಡಿತು. ಕಣ್ಣು ಹಾಯುವಷ್ಟು ದೂರ ನೀರು. ದಡದ ಹುಲ್ಲಿನವರೆಗೂ ತುಂಬಿ, ಬಿಸಿಲಿಗೆ ಹೊಳೆಯುತ್ತಾ ತಣ್ಣಗೆ ನಿಂತಿತ್ತು. ಪುಟ್ಟತ್ತೆ ಕಾರಿನಿಂದ ಇಳಿದವರೇ ಸೆರಗು ಹೊದ್ದು ಕೈಮುಗಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು.

'ಯಾವಾಗ ತುಂಬ್ತೋ ಇದು?'

'ಯಾವಾಗ್ಲೂ ತುಂಬೇ ಇರುತ್ತೆ ಅತ್ತೆ' ಅಂದ ಮಹೇಶ. 'ಆ ಕಡೆ ಸ್ವಿಟ್ಜರ್ಲೆಂಡು, ಆ ಮೂಲೆ ಆಸ್ಟ್ರಿಯಾ. ಮೂರು ದೇಶಕ್ಕೂ ಸೇರಿದ್ದು. ನೀರಲ್ಲಿ ಗಡಿ ಎಲ್ಲಿ ಅಂತ ಇನ್ನೂ ಸರಿಯಾಗಿ ಗುರುತೇ ಮಾಡ್ಕೊಂಡಿಲ್ವಂತೆ.'

'ಸರ್ವೇ ಮಾಡ್ಸಿಲ್ವಾ?' ಎಂದು ನಾನು ಗಾಬರಿಯಾದೆ. ನಮ್ಮಲ್ಲಿ ಒಂದು ಕೆರೆಗೆ ಎರಡೂರು ಸೇರಿದ್ದರೆ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತವೆ. ಇಲ್ಲಿ ಮೂರು ದೇಶ ತೆಪ್ಪಗೆ ಕೂತು ಮೀನು ಹಿಡಿಯುತ್ತಿದ್ದವು.

ಪುಟ್ಟತ್ತೆಗೆ ಸರ್ವೇ ಬೇಕಿರಲಿಲ್ಲ. ನಮ್ಮ ಕಡೆ ಕೆರೆ ತುಂಬಿದರೆ ಗಂಗಮ್ಮನಿಗೆ ಬಾಗಿನ ಬಿಡದೆ ಇರುವುದುಂಟೇ? ತುಂಬಿದ ಕೆರೆ ನೋಡಿ ಬರಿಗೈಯಲ್ಲಿ ಹೋಗುವುದು, ಬಾಣಂತಿ ನೋಡಲು ಬರಿಗೈಯಲ್ಲಿ ಹೋದಂತೆ. 'ಅದೂ ಗೌರಿ ಹಬ್ಬದ ದಿನ! ನನ್ ಬಾಗ್ನ ಈ ಗಂಗಮ್ಮಂಗೆ ಕೊಟ್ಬುಡು ಗಂಗಾದ್ರ. ನಂಗೆ ಇನ್ಯಾಕೆ ಬಳೆ, ರವ್ಕೆ. ಈ ತಾಯಿ ಮಗ್ಗುಲಲ್ಲಿ ನಮ್ ಮಗೀನ ಇಟ್ಕೊಂಡವ್ಳೆ, ಅದಕ್ಕಾದ್ರೂ ಕೊಡ್ಬೇಕು' ಅಂದರು. ಮಹೇಶ ಇಲ್ಲೆಲ್ಲ ನೀರಿಗೆ ಏನೂ ಹಾಕಬಾರದು ಎಂದು ತೊದಲಿದ. ಹಾಕೋದಲ್ಲ ಕಣಪ್ಪ, ಕೊಡೋದು ಅಂದರು ಪುಟ್ಟತ್ತೆ. ನನಗೂ ಹುಮ್ಮಸ್ಸು ಬಂತು. ಡಿಕ್ಕಿ ತೆಗೆದೆ. ಎರಡು ಪೊಟ್ಟಣ. ಎಡಗಡೆಯದು ಪುಟ್ಟತ್ತೆಯದು ಎಂದು ನನಗೆ ಚೆನ್ನಾಗಿ ನೆನಪಿತ್ತು. ಅವತ್ತು ಬೆಳಿಗ್ಗೆ ಸರೋಜ ಸೂಟ್‌ಕೇಸು ಸರಿಯಾಗಿ ಕೂರಿಸಲು ಎರಡನ್ನೂ ತೆಗೆದು ಅದಲುಬದಲಾಗಿ ಇಟ್ಟಿದ್ದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಪೇಪರು ಬಿಚ್ಚಿ, ಪಂಚೆ ಮೊಣಕಾಲಿಗೆ ಎತ್ತಿಕಟ್ಟಿ, ಮೂರು ಮೆಟ್ಟಿಲು ಇಳಿದು ಮೊರವನ್ನು ನೀರಿಗೆ ಬಿಟ್ಟೆ. ಪುಟ್ಟತ್ತೆ ಗಂಗಮ್ಮನ ಮೇಲೆ ಒಂದು ಪದ ಹೇಳಿದರು. ನಮ್ಮ ಕೆರೆಯಲ್ಲಾದರೆ ಮೊರ ಸ್ವಲ್ಪ ಹೊತ್ತು ತೇಲಿ, ಭಕ್ತಿಯಿಂದ ಮುಳುಗಿಬಿಡುತ್ತದೆ. ಇದು ಸರೋಜ ಗಾಳಿ ತುಂಬಿ ಕಟ್ಟಿದ ಮೊರ. ದೋಣಿಯ ಹಾಗೆ ತಲೆಯೆತ್ತಿ, ಗಾಳಿ ಬೀಸಿದ ಕಡೆ, ಠೀವಿಯಿಂದ ಸ್ವಿಟ್ಜರ್ಲೆಂಡಿನ ದಿಕ್ಕಿಗೆ ಹೊರಟಿತು. ವೀಸಾ ಇಲ್ಲ, ಏನಿಲ್ಲ. ಎರಡು ಹಂಸಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ನಾಯಿ ಹಿಡಿದುಕೊಂಡಿದ್ದ ಒಬ್ಬ ಎತ್ತರದ ಮುದುಕ ನಮ್ಮ ಹಿಂದೆ ಬಂದು ನಿಂತು ಎರಡು ಕೈ ಕಟ್ಟಿಕೊಂಡ.

ಅಷ್ಟರಲ್ಲಿ ಕಾರಿನ ಹತ್ತಿರದಿಂದ ಸರೋಜನ ದನಿ ಕೇಳಿತು. 'ರೀ! ಇದರಲ್ಲಿ ಹಸಿರು ರವಿಕೆ ಕಣ ಇದೆ. ಇದು ಪುಟ್ಟತ್ತೆದು ಕಣ್ರೀ!'

ಅವ್ವನ ಭರಣಿ ಮೂವತ್ತು ಅಡಿ ದೂರದಲ್ಲಿ ಕುಣಿಯುತ್ತಾ ಹೋಗುತ್ತಿತ್ತು. ಮೂರು ವರ್ಷದ ಮುನಿಸು ತೀರಿಸಲೆಂದು, ಎರಡು ತಿಂಗಳು ಅಲೆದು, ಮೂರು ದೇಶದ ನೆಲ ಮೆಟ್ಟಿ ತಂದ ಬಾಗಿನ. ನಾನು ದಡದ ಮೇಲೆ ಆ ಕಡೆ ಈ ಕಡೆ ಓಡಾಡಿದೆ. 'ಒಂದು ಕೋಲು, ಒಂದು ಕೋಲು' ಎಂದು ಕೂಗಿದೆ. ಅಲ್ಲಿನ ಜನ ಅಷ್ಟೊಂದು ಮರ ಬೆಳೆಸಿಯೂ ಒಂದೇ ಒಂದು ಕೋಲು ಕೆಳಗೆ ಬೀಳಲು ಬಿಟ್ಟಿರಲಿಲ್ಲ.

ಪುಟ್ಟತ್ತೆ ಮಾತ್ರ ಒಂದಿಷ್ಟೂ ಗಾಬರಿಯಾಗಲಿಲ್ಲ. 'ಯಾಕ್ಲಾ ಹಂಗೆ ಕೋಳಿ ಆಡ್ದಂಗೆ ಆಡ್ತೀಯ? ಕುಣಿಗಲ್ ಕೆರೆ ಈಜಿದೋನು! ಇಷ್ಟು ದೂರ ನಿಂಗ್ಯಾವ ಲೆಕ್ಕ? ಪಂಚೆ ಬಿಚ್ಚಾಕಿ ಧುಮುಕ್ಲಾ!'

ಸರೋಜ ನನ್ನನ್ನು ನೋಡಿದಳು. ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆಯೇ ನೋಡಿದಳು. ಮಹೇಶ, 'ನಂಗೆ ಈಜು ಬರಲ್ಲ ಭಾವ, ಇಲ್ದಿದ್ರೆ ನಾನೇ' ಅಂದ. ಹಾಗೆ ಒಪ್ಪಿಕೊಳ್ಳುವುದು ಎಷ್ಟು ಸುಲಭ ಎಂದು ನನಗೆ ಅಂದೇ ಗೊತ್ತಾದದ್ದು. ಒಂದು ವಾಕ್ಯ, ಮುಗಿಯಿತು. ನನ್ನ ಬಾಯಲ್ಲಿ ಅದು ಬರಲೊಲ್ಲದು. ಶಲ್ಯ ತೆಗೆದೆ. ಅಂಗಿಯ ಗುಂಡಿ ಒಂದೊಂದಾಗಿ, ಆದಷ್ಟು ನಿಧಾನಕ್ಕೆ ಬಿಚ್ಚಿದೆ. ಒಂದು ಮೆಟ್ಟಿಲು ಇಳಿದೆ. ಇನ್ನೊಂದು ಇಳಿದೆ. ಮಂಡಿಗೆ ನೀರು ಬಂತು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ಸುಳ್ಳುಗಾರ ಅನ್ನಿಸಿಕೊಳ್ಳುವುದಕ್ಕಿಂತ ಮುಳುಗಿ ಸಾಯುವುದೇ ವಾಸಿ ಅನ್ನಿಸಿತು. ಒಂದು ಹುಲ್ಲಿನ ಗಾಡಿ ಏನಾದರೂ ಬರುತ್ತದೆಯೇ ಎಂದು ರಸ್ತೆಯ ಕಡೆ ತಿರುಗಿ ನೋಡಿದ್ದೂ ನಿಜ.

ಗಾಡಿ ಬರಲಿಲ್ಲ, ಸೈಕಲ್ಲು ಬಂತು. ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ, ತಲೆ ತುಂಬ ಯಾವುದೋ ಬಿಳಿ ಹೂವು, ಕೆನ್ನೆಗೆ ಅರಿಶಿನ, ಸೈಕಲ್ಲಿನ ಮೇಲೆ ನನ್ನ ತಂಗಿ. ಬ್ರೇಕು ಹಾಕಿ ನಿಂತಳು. ನೀರಲ್ಲಿ ಮೊರ ನೋಡಿದಳು. ಅರ್ಧ ಅಂಗಿ ಬಿಚ್ಚಿದ ನನ್ನನ್ನು ನೋಡಿದಳು.

'ರತ್ನ, ನಿನ್ ಬಾಗಿನ ಕಣಮ್ಮ. ತಪ್ಪಾಗೋಯ್ತು. ಅವ್ವನ ಭರಣಿ ಅದರಲ್ಲೇ...' ಎಂದು ನೀರಿನ ಕಡೆ ಕೈ ತೋರಿಸಿದೆ.

ಅವಳು ಸೈಕಲ್ಲಿನ ಬುಟ್ಟಿಯಿಂದ ಒಂದು ಚೀಲ ತೆಗೆದುಕೊಂಡು, ಅಲ್ಲೇ ಇದ್ದ, ಬಟ್ಟೆ ಬದಲಿಸುವ ಮರದ ಕೋಣೆಯೊಳಗೆ ಹೋದಳು. ಎರಡು ನಿಮಿಷದಲ್ಲಿ ಈಜುಡುಗೆ ತೊಟ್ಟು ಹೊರಬಂದಳು. 'ಅಯ್ಯೋ ಶಿವನೇ, ಹಬ್ಬದ ದಿನ!' ಎಂದು ಪುಟ್ಟತ್ತೆ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದರು. ರತ್ನ ಮಡಿಸಿದ ರೇಷ್ಮೆ ಸೀರೆಯನ್ನು ತಂದು ನನ್ನ ತೋಳಿನ ಮೇಲೆ ಇಟ್ಟಳು. ಮೇಲೆ ಬಿಚ್ಚಿದ ಹೂವು ಇಟ್ಟಳು. ಆಮೇಲೆ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು:

'ಇಲ್ಲೇ ಬಟ್ಟೆ ಹಿಡ್ಕೊಂಡು ಕೂತಿರು ಅಣ್ಣ. ಅಲ್ಲಾಡಬೇಡ.'

ನಾನು ಮೆಟ್ಟಿಲ ಮೇಲೆ ಕೂತೆ. ಅವಳು ನೀರಿಗೆ ಬಿದ್ದದ್ದೂ ಕೇಳಿಸಲಿಲ್ಲ, ಅಷ್ಟು ಸಲೀಸಾಗಿ ಇಳಿದಳು. ಹನ್ನೊಂದು ವರ್ಷದಿಂದ ದಿನಾ ಕೆಲಸಕ್ಕೆ ಹೋಗುವ ಮೊದಲು ಅಲ್ಲಿ ಈಜುತ್ತಾಳಂತೆ. ಅಣ್ಣನಿಗೆ ಇದು ಗೊತ್ತಿರಲಿಲ್ಲ, ಯಾಕೆಂದರೆ ಅಣ್ಣ ಕೇಳಿರಲಿಲ್ಲ. ಮೊರ ಅಷ್ಟರಲ್ಲಿ ನೂರಿನ್ನೂರು ಅಡಿ ಹೋಗಿತ್ತು. ಹಂಸಗಳ ನಡುವೆ ಅವಳ ತಲೆ ಸಣ್ಣಗೆ ಕಾಣುತ್ತಿತ್ತು. ಮೊರ ಮುಟ್ಟಿದಳು, ತಿರುಗಿದಳು, ಅದನ್ನು ಮುಂದಕ್ಕೆ ತಳ್ಳಿಕೊಂಡು ತಳ್ಳಿಕೊಂಡು ಬಂದಳು. ನಾಯಿಯ ಮುದುಕ ಕಟ್ಟಿದ ಕೈ ಬಿಚ್ಚಿ ಏನೋ ಕೂಗಿದ, ಮೆಚ್ಚುಗೆಯೇ ಇರಬೇಕು. ಮಹೇಶ ಇದನ್ನು ದಿನಾ ನೋಡುವವನ ಹಾಗೆ ನಿರಾಳವಾಗಿ ನಿಂತಿದ್ದ. ಆ ಹೊತ್ತೆಲ್ಲ ನಾನು ಸೀರೆ ಹಿಡಿದುಕೊಂಡೇ ಕೂತಿದ್ದೆ. ಎಂಟು ವರ್ಷದ ಹುಡುಗಿಗೆ ಏರಿಯ ಮೇಲೆ ಒಬ್ಬಳೇ ಕೂತು ನೀರು ನೋಡುವಾಗ ಎಷ್ಟು ದಿಗಿಲಾಗಿರಬಹುದು ಎಂದು ನನಗೆ ಅರವತ್ತನೆಯ ವಯಸ್ಸಿನಲ್ಲಿ ಹೊಳೆಯಿತು. ಅಳು ಬಂತು. ಸೀರೆಯ ಸೆರಗಿನಲ್ಲಿ ಒರೆಸಿಕೊಂಡೆ.

ದಡಕ್ಕೆ ಬಂದವಳು ಮೊದಲು ಮಾತಾಡಿದ್ದು ಪುಟ್ಟತ್ತೆಯ ಜೊತೆ. 'ಅಣ್ಣಂಗೆ ಭುಜ ನೋವಲ್ವಾ ಅತ್ತೆ, ಅದಕ್ಕೇ ನಾನೇ ಇಳಿದೆ. ಇಲ್ಲಿ ನೀರು ತಣ್ಣಗಿರುತ್ತೆ, ನರ ಹಿಡ್ಕೊಂಡ್ಬಿಡುತ್ತೆ.' ಪುಟ್ಟತ್ತೆ ಹೌದು ಹೌದು ಎಂದು ತಲೆಯಾಡಿಸಿ, 'ಇಲ್ದಿದ್ರೆ ಇವನು ಸೀದಾ ಆ ದೇಶ ಮುಟ್ಟಿ ಬರ್ತಿದ್ದ' ಅಂದರು.

ಅವರೆಲ್ಲ ಕಾರಿನ ಕಡೆ ಹೋದ ಮೇಲೆ, ಸೀರೆ ಕೊಡುವ ನೆಪದಲ್ಲಿ ಕೇಳಿದೆ. 'ನಿಂಗೆ ಗ್ಯಾಪ್ಕ ಐತಾ?'

'ಬಟ್ಟೆ ಹಿಡ್ಕೊಂಡು ಕೂತಿದ್ದೋಳು ನಾನು. ನೀನು ಜೊಂಡಿಂದ ಎದ್ದು ಗಾಡಿ ಹತ್ತಿದ್ದು ಕಾಣ್ಸಲ್ವಾ? ಸದ್ಯ ಮುಳುಗ್ಲಿಲ್ಲ ಅಂತ ಖುಷಿ ಆಯ್ತು ನಂಗೆ.'

'ಯಾರಿಗೂ ಹೇಳ್ಲಿಲ್ವಲ್ಲ.'

'ನಮ್ಮಣ್ಣ ಅಲ್ವಾ' ಅಂದಳು. ಕೂದಲು ಹಿಂಡಿಕೊಳ್ಳುತ್ತಾ, 'ಆದ್ರೆ ಆ ಪ್ಲಾಸ್ಟಿಕ್ ಮೊರ ಬಂದಾಗ ಮಾತ್ರ ಹೇಳ್ಬಿಡೋಣ ಅನ್ಸಿತ್ತು. ಊರಿಗೆಲ್ಲ ಫೋನ್ ಮಾಡಿ ಹೇಳ್ಬಿಡೋಣ ಅನ್ಸಿತ್ತು ಕಣೋ. ಎಷ್ಟು ಅತ್ತಿದೀನಿ ಗೊತ್ತಾ ಅವತ್ತು' ಎಂದಳು. ಮೂರು ವರ್ಷದ ಮೇಲೆ ನೇರವಾಗಿ ನನ್ನ ಜೊತೆ ಆಡಿದ ಮಾತು. ಬೈಗುಳವಾದರೂ ಎಷ್ಟು ಹಿತವಾಗಿತ್ತು. ಒದ್ದೆ ಕೂದಲಿನಲ್ಲೇ ಸೀರೆ ಸುತ್ತಿಕೊಂಡು ಬಂದು, ಪೂರ್ವಕ್ಕೆ ಮುಖ ಮಾಡಿ ನಿಂತು ಸೆರಗೊಡ್ಡಿದಳು. ನಾನು ಬಾಗಿನ ಕೊಟ್ಟೆ. ಭರಣಿ ತೆಗೆದು ನೋಡಿದಳು, ಒಳಗೆ ಒಂದು ಹನಿ ನೀರು ಹೋಗಿರಲಿಲ್ಲ. ಅದರಿಂದಲೇ ಅತ್ತಿಗೆಗೆ, ಅತ್ತೆಗೆ ಕುಂಕುಮ ಇಟ್ಟಳು. ಗಂಗಮ್ಮನಿಗೆ ಕೊನೆಗೆ ಪುಟ್ಟತ್ತೆಯ ಮೊರದಿಂದ ಒಂದು ಹಿಡಿ ಅಕ್ಕಿ, ಒಂದು ಚೂರು ಬೆಲ್ಲ ಸಂದಾಯವಾಯಿತು. ನಾಯಿಯ ಮುದುಕನಿಗೂ ಕೊಬ್ಬರಿ ಕೊಟ್ಟೆವು.

ಊರಿಗೆ ಬಂದು ಆರು ತಿಂಗಳಾಯಿತು. ಪುಟ್ಟತ್ತೆ ಹುತ್ರಿದುರ್ಗದಿಂದ ಗುಬ್ಬಿಯವರೆಗೆ, ಭುಜ ಒಂದು ಚೆನ್ನಾಗಿದ್ದಿದ್ದರೆ ನಮ್ಮ ಗಂಗಾಧರ ಮೂರು ದೇಶದ ಕೆರೆ ಈಜಿಬಿಡುತ್ತಿದ್ದ ಎಂದು ಹೇಳಿಕೊಂಡು ಬಂದಿದ್ದಾರೆ. ಶೆಟ್ಟಿಹಳ್ಳಿಯಲ್ಲಿ ವಾಕಿಂಗ್ ಬರುವವರು ಈಗ ಭುಜದ ಯೋಗಕ್ಷೇಮವನ್ನೇ ಕೇಳುತ್ತಾರೆ. ಇನ್ನು ನನ್ನಿಂದಾಗದು ಎಂದು, ತುಮಕೂರಿನ ಇನ್ನೊಂದು ತುದಿಯಲ್ಲಿರುವ ಒಂದು ಈಜುಕೊಳಕ್ಕೆ, ಯಾರಿಗೂ ಹೇಳದೆ ಸೇರಿಕೊಂಡೆ. ನನ್ನ ಬ್ಯಾಚಿನಲ್ಲಿ ಉಳಿದವರೆಲ್ಲ ಎರಡನೇ ಕ್ಲಾಸು. ಸೊಂಟಕ್ಕೆ ಬೆಂಡು ಕಟ್ಟಿಕೊಂಡು, ಅಂಚಿನ ಕಂಬಿ ಹಿಡಿದು ಕಾಲು ಬಡಿಯುವಾಗ ಅವರು, 'ತಾತಾ, ಮಂಡಿ ಮಡಚಬೇಡಿ' ಎಂದು ಹೇಳಿಕೊಡುತ್ತಾರೆ.

ಮೊನ್ನೆ ಈ ಗೋಡೆಯಿಂದ ಆ ಗೋಡೆಗೆ, ಬೆಂಡಿಲ್ಲದೆ, ನಡುವೆ ಎರಡೇ ಸಲ ಕಂಬಿ ಹಿಡಿದು ತಲುಪಿದೆ. ಮೈ ಒರೆಸಿಕೊಳ್ಳುವ ಮೊದಲೇ ರತ್ನನಿಗೆ ಫೋನು ಮಾಡಿದೆ.

'ಬಟ್ಟೆ ಯಾರ ಕೈಲಿ ಕೊಟ್ಟಿದ್ದೆ ಅಣ್ಣ?'

'ಯಾರ ಕೈಲೂ ಇಲ್ಲ, ಗೂಟಕ್ಕೆ ನೇತಾಕಿದ್ದೆ.'

'ಹಂಗಾದ್ರೆ ನಾನು ನಂಬಲ್ಲಪ್ಪ' ಅಂದಳು. 'ಮುಂದಿನ ಗೌರಿಗೆ ನಾನೇ ತವರಿಗೆ ಬರ್ತೀನಿ. ಕುಣಿಗಲ್ ಕೆರೆ ಏರಿ ಮೇಲೆ ಬಟ್ಟೆ ಹಿಡ್ಕೊಂಡು ಕೂತಿರ್ತೀನಿ. ನೀನು ಇಳಿಯೋವಂತೆ.'

ತಂಗಿ ಬರುತ್ತಾಳೆ ಎಂದು ಸಂತೋಷವೋ ಸಂತೋಷ. ಈ ವರ್ಷ ಕುಣಿಗಲ್ ಕೆರೆ ತುಂಬದಿರಲಿ ಎಂದು ಬೇಡಿಕೊಳ್ಳೋಣವೆಂದರೆ ರೈತರ ಶಾಪ ತಟ್ಟುತ್ತದೆ. ಭುಜ ಯಾಕೋ ಈಗಿನಿಂದಲೇ ನೋಯುತ್ತಿದೆ.